ಸದರಿ ಖಾದ್ಯದ ಹೇಳಿಕೆ

ರುಚಿಯನ್ನು ನಾಲಿಗೆಯೇ ತೀರ್ಮಾನಿಸುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೋ, ತುತ್ತು ಬಾಯಿಗೆ ತಲುಪುವ ಮೊದಲೇ ಕಣ್ಣು ಅದಕ್ಕೆ ಅಂಕ ಹಾಕಿ ಮುಗಿಸಿರುತ್ತದೆ ಎಂಬ ಅನುಭವವೂ ಅಷ್ಟೇ ಹಳೆಯದು. ಈ ಬಗ್ಗೆ ಅಡುಗೆಯವರನ್ನೂ ಉಣ್ಣುವವರನ್ನೂ ವಿಚಾರಿಸಿದವರು ಹಲವರಿದ್ದರೂ, ಚೆಂದ ಕಂಡ ತಪ್ಪಿಗೆ ಶಿಕ್ಷೆ ಉಂಡ ಖಾದ್ಯವನ್ನು ಮಾತನಾಡಿಸಿದವರು ಯಾರೂ ಇಲ್ಲವಾದ್ದರಿಂದ, ಬೆಂಗಳೂರಿನ ಬಡಾವಣೆಯೊಂದರ ಸಂಜೆಯ ತಳ್ಳುಗಾಡಿಯ ಬಳಿ ಗೋಬಿ ಮಂಚೂರಿಯ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಯಿತು. ಕರ್ನಾಟಕ ಸರ್ಕಾರವು 2024ರ ಮಾರ್ಚ್ 11ರಂದು ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ ಮೇಲೆ ಬಹುಕಾಲ ಕಡತಗಳಲ್ಲೇ ವಾಸವಿದ್ದ ಕಾರಣಕ್ಕೋ ಏನೋ, ಅದು ತನ್ನನ್ನು ತಾನೇ ‘ಸದರಿ ಖಾದ್ಯ’ ಎಂದು ಕರೆದುಕೊಳ್ಳುತ್ತಿತ್ತು. ಆ ಶೈಲಿಯನ್ನು ತಿದ್ದಿಲ್ಲ.

ಪ್ರಶ್ನೆ: ತಮ್ಮ ಮೂಲ ಊರು ಯಾವುದು?

ಉತ್ತರ: ಹೆಸರಿನಲ್ಲಿ ಮಂಚೂರಿಯಾ ಇದ್ದರೂ ಸದರಿ ಖಾದ್ಯವು ಆ ಸೀಮೆಯ ಮುಖ ಕಂಡಿಲ್ಲ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಕೋಳಿಯ ಮಂಚೂರಿ ಮಾಡಿದರೆಂಬುದೇ ವಂಶದ ಸ್ಥಳಪುರಾಣ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಸಸ್ಯಾಹಾರಿಗಳ ಕೃಪೆ.

ಪ್ರಶ್ನೆ: ಹೂಕೋಸು ಬಿಳಿ, ಮೈದಾ ಬಿಳಿ, ಕಾರ್ನ್ ಫ್ಲೋರ್ ಕೂಡ ಬಿಳಿ. ಕೆಂಪು ಎಲ್ಲಿಂದ ಬಂತು?

ಉತ್ತರ: ಗಾಡಿಯ ಕೆಳಹಲಗೆಯಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಅಡಗಿರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಿಂದ. ಅದರೊಳಗಿನ ಪುಡಿ ಎರಡು ಬೆರಳಿನ ಚಿಟಿಕೆಯಷ್ಟು ಬೋಗುಣಿಗೆ ಬಿದ್ದರೆ ಸಾಕು, ಕಲಸಿದ ಹಿಟ್ಟೆಲ್ಲ ಕೆಂಪಗಾಗಿ, ಕಾದ ಎಣ್ಣೆಯಿಂದ ಜಾಲರಿ ಸೌಟಿನಲ್ಲಿ ಎತ್ತುವ ಹೊತ್ತಿಗೆ ತುಂಡುಗಳು ಗಾಡಿಯ ಬಲ್ಬಿನ ಬೆಳಕಿನಲ್ಲಿ ಕೆಂಡದಂತೆ ಹೊಳೆಯುತ್ತಿದ್ದವು. ಅಂಥ ಪುಡಿಗೆ ಖಾರವಿಲ್ಲ, ಹುಳಿಯಿಲ್ಲ, ಪರಿಮಳವೂ ಇಲ್ಲ. ಇದ್ದದ್ದು ನಿಷ್ಠೆ ಮಾತ್ರ, ಏಕೆಂದರೆ ಚಿಟಿಕೆ ಹಾಕಿದವರ ಉಗುರಿನ ಸಂದಿಯನ್ನು ಅದು ಸೋಪಿಗೂ ಜಗ್ಗದೆ ಎರಡು ದಿನ ಹಿಡಿದುಕೊಂಡಿರುತ್ತಿತ್ತು.

ಪ್ರಶ್ನೆ: ಆರೋಪದ ಬಗ್ಗೆ?

ಉತ್ತರ: ಪರೀಕ್ಷೆಗೆ ಹೋದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿದ್ದನ್ನು ಸದರಿ ಖಾದ್ಯವು ಅಲ್ಲಗಳೆಯುವುದಿಲ್ಲ. ಆದರೆ ಬಣ್ಣಗಳಲ್ಲೂ ಜಾತಿಭೇದವಿದೆ. ರೋಡಮೈನ್-ಬಿ ಎಂಬುದು ಬಟ್ಟೆ, ಕಾಗದಗಳಿಗೆ ಹಾಕುವ ರಂಗು. ಅದಕ್ಕೆ ಯಾವ ಆಹಾರದಲ್ಲೂ ಪ್ರವೇಶವಿಲ್ಲ. ಟಾರ್ಟ್ರಾಜಿನ್ ಎಂಬ ಹಳದಿಯೂ ಸನ್‌ಸೆಟ್ ಯೆಲ್ಲೋ ಎಂಬ ಕಿತ್ತಳೆಯೂ ದೇಶದಲ್ಲಿ ಅನುಮತಿ ಪಡೆದ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲಿವೆಯಾದರೂ, ಆ ಅನುಮತಿ ಗೊತ್ತುಪಡಿಸಿದ ತಿನಿಸುಗಳಿಗೆ, ಗೊತ್ತುಪಡಿಸಿದ ಮಿತಿಯೊಳಗೆ ಮಾತ್ರ. ಸಿಹಿತಿನಿಸುಗಳು ಆ ಪಟ್ಟಿಯಲ್ಲಿವೆ, ಸದರಿ ಖಾದ್ಯ ಇಲ್ಲ. ಹೆಸರಿನಲ್ಲೇ ಕೇಸರಿಯನ್ನು ಇಟ್ಟುಕೊಂಡು, ಕೇಸರಿಯ ಒಂದು ಎಳೆಯನ್ನೂ ಕಾಣದೆ, ಪ್ರತಿ ಮುಂಜಾನೆ ಉಪ್ಪಿಟ್ಟಿನ ಪಕ್ಕದಲ್ಲಿ ಗೌರವದಿಂದ ಕೂರುವ ಕೇಸರಿಬಾತನ್ನು ಮಾತ್ರ ಯಾರೂ ಠಾಣೆಗೆ ಕರೆದಂತಿಲ್ಲ.

ಪ್ರಶ್ನೆ: ರುಚಿಯೇ ಇಲ್ಲದ ಪುಡಿಯಿಂದ ತಿನ್ನುವವರಿಗೆ ಆಗುತ್ತಿದ್ದ ಲಾಭವೇನು?

ಉತ್ತರ: ಖಾರ. ಇದು ಹುಡುಗಾಟದ ಮಾತಲ್ಲ. ಫ್ರಾನ್ಸಿನ ಬೋರ್ದೋದಲ್ಲಿ ವೈನ್ ತಯಾರಿಕೆಯ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಪದಗಳಿಂದಲೇ ವರ್ಣಿಸಿದರೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಣ್ಣು ಮೊದಲು ಒಂದು ನಿರೀಕ್ಷೆಯನ್ನು ಕಟ್ಟುತ್ತದೆ, ಮೂಗು ನಾಲಿಗೆಗಳು ಆ ನಿರೀಕ್ಷೆಯ ಕೆಳಗೆ ರುಜು ಹಾಕುತ್ತವೆ. ತಟ್ಟೆಗೂ ಇದರಲ್ಲಿ ಪಾಲುಂಟು: ಒಂದೇ ಸ್ಟ್ರಾಬೆರಿ ಸಿಹಿಯನ್ನು ಕಪ್ಪು ತಟ್ಟೆಯಲ್ಲಿ ತಿಂದವರಿಗಿಂತ ಬಿಳಿ ತಟ್ಟೆಯಲ್ಲಿ ತಿಂದವರಿಗೆ ಅದು ಹೆಚ್ಚು ಸಿಹಿಯೆನಿಸಿತೆಂದು, ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಅವರೂ ಸೇರಿದ್ದ ತಂಡ ತೋರಿಸಿದೆ. ಸದರಿ ಖಾದ್ಯಕ್ಕೆ ದೊರೆತದ್ದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಸ್ಟೀಲ್ ತಟ್ಟೆ, ಮೇಲೊಂದು ಹಿಡಿ ಹೆಚ್ಚಿದ ಈರುಳ್ಳಿ, ಒಂದು ಟೂತ್‌ಪಿಕ್. ಆ ಬಡತನವನ್ನೆಲ್ಲ ಕೆಂಪೊಂದೇ ಹೊತ್ತುಕೊಂಡಿತ್ತು.

ಪ್ರಶ್ನೆ: ಬಾಳೆಲೆಯ ಮೇಲೆ ಬಡಿಸುವವರೂ ಕಣ್ಣಿಗೇ ಬಡಿಸುತ್ತಾರಲ್ಲವೇ?

ಉತ್ತರ (ತುಸು ತಡೆದು): ಆ ಎಲೆಯ ವೈಭವವನ್ನು ಸದರಿ ಖಾದ್ಯವು ಮದುವೆ ಛತ್ರದ ಗೇಟಿನ ಹೊರಗೆ ನಿಂತು ಎಷ್ಟೋ ಸಲ ನೋಡಿದೆ. ತುದಿ ಎಡಕ್ಕೆ ಬರುವಂತೆ ಹಾಸಿ ನೀರು ಚಿಮುಕಿಸಿದ ಹಸುರು, ಅಂಚಿನಲ್ಲಿ ಉಪ್ಪು, ಅದರ ಬಳಿ ಉಪ್ಪಿನಕಾಯಿಯ ಕೆಂಪು, ಹೆಸರುಬೇಳೆ ಕೋಸಂಬರಿಯ ತಿಳಿಹಳದಿಯ ನಡುವೆ ಸೌತೆಕಾಯಿಯ ಚೂರು, ಹುರುಳಿಕಾಯಿ ಪಲ್ಯದ ಮೇಲೆ ಕಾಯಿತುರಿ, ಚಿತ್ರಾನ್ನದ ಅರಿಸಿನ, ಕೊನೆಗೆ ಅನ್ನದ ಗುಡ್ಡೆಯ ನೆತ್ತಿಗೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಪಂಕ್ತಿ, ಅಂದರೆ ಸಾಲಾಗಿ ಕೂತವರಿಗೆಲ್ಲ ಬಡಿಸಿ ಮುಗಿಯುವವರೆಗೆ ಯಾರೂ ಕೈ ಹಾಕುವಂತಿಲ್ಲವಾದ್ದರಿಂದ, ಹಸಿದವರಿಗೆ ಅಷ್ಟು ಹೊತ್ತು ನೋಡುವುದೇ ಕೆಲಸ. ಅಲ್ಲಿಯೂ ಕಣ್ಣೇ ಮೊದಲು ಉಣ್ಣುತ್ತದೆ. ಆದರೆ ಅಲ್ಲಿನ ಹಳದಿ ಅರಿಸಿನದ್ದು, ಕೆಂಪು ಮೆಣಸಿನಕಾಯಿಯದ್ದು. ಕಣ್ಣಿಗೆ ಕೊಟ್ಟ ಮಾತನ್ನು ನಾಲಿಗೆಯ ಬಳಿ ಉಳಿಸಿಕೊಳ್ಳುವ ತಾಕತ್ತು ಆ ಬಣ್ಣಗಳಿಗಿದೆ.

ಪ್ರಶ್ನೆ: ಕೆಂಪೇ ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಇರಲಿಲ್ಲವೇ?

ಉತ್ತರ: ಇತ್ತು, ಹಾವೇರಿ ಜಿಲ್ಲೆಯಲ್ಲಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಅದರ ಖ್ಯಾತಿ. ಅದರಿಂದ ತೆಗೆಯುವ ಓಲಿಯೋರೆಸಿನ್, ಎಂದರೆ ಮೆಣಸಿನಕಾಯಿಯ ಬಣ್ಣ ಮತ್ತು ಸತ್ವವೆಲ್ಲ ಇಳಿದು ಬಂದ ಗಟ್ಟಿ ಎಣ್ಣೆಯಂಥ ಸಾರ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ತುಟಿಯ ಹೊರಗೆ ಬಳಿಯುವುದಕ್ಕೆ ಬ್ಯಾಡಗಿಯ ಕೆಂಪು, ತುಟಿ ದಾಟಿ ಒಳಹೋಗುವುದಕ್ಕೆ ಡಬ್ಬಿಯ ಅಗ್ಗದ ಪುಡಿ: ಈ ಹಂಚಿಕೆಯನ್ನು ಮಾಡಿದ್ದು ಸದರಿ ಖಾದ್ಯವಲ್ಲ.

ಪ್ರಶ್ನೆ: ನಿಷೇಧದ ನಂತರದ ಬದುಕು?

ಉತ್ತರ: ನಿಷೇಧ ಬಣ್ಣಕ್ಕೇ ಹೊರತು ಖಾದ್ಯಕ್ಕಲ್ಲವಾದ್ದರಿಂದ ಇದೊಂದು ಷರತ್ತುಬದ್ಧ ಜಾಮೀನು. ಸದ್ಯ ಸೋಯಾ ಸಾಸಿನ ಕಂದು ಮೈಯಲ್ಲೇ ತಟ್ಟೆಗೆ ಇಳಿಯಬೇಕಾಗಿದೆ. ಆರೋಗ್ಯದ ಮಾತು ಬಂದಾಗಲೆಲ್ಲ ನಿಷೇಧ ಒಳ್ಳೆಯದಾಯಿತು ಎನ್ನುವವರೇ ತಟ್ಟೆ ಕೈಗೆ ಬಂದೊಡನೆ, ‘ಏನಣ್ಣಾ, ಕಲರ್ರೇ ಇಲ್ಲ?’ ಎಂದು ಮುಖ ಕಿರಿದು ಮಾಡುತ್ತಾರೆ. ಬಣ್ಣವಿಲ್ಲದ ಗೋಬಿ ಬೇಕೆಂಬ ಬೇಡಿಕೆ ಬಹಳವಿದೆ, ಬೇರೆಯವರು ತಿನ್ನಲಿಕ್ಕೆ.

ಪ್ರಶ್ನೆ: ಕೊನೆಯದಾಗಿ ಏನಾದರೂ ಕೋರಿಕೆ?

ಉತ್ತರ: ಸಂದರ್ಶಕರು ಒಂದು ತುಂಡನ್ನು ಕಣ್ಣು ಮುಚ್ಚಿಕೊಂಡು ತಿನ್ನಬೇಕು.

ಸಂದರ್ಶಕರು ಹಾಗೆಯೇ ಮಾಡಿದರು. ಹೊರಗಿನ ಗರಿಗರಿಯೂ ಒಳಗಿನ ಮೆತ್ತನೆಯ ಹೂಕೋಸೂ ಒಂದಾದ ಮೇಲೆ ಬೆಳ್ಳುಳ್ಳಿ ಎದ್ದು, ಹಿಂದೆಯೇ ಹಸಿಮೆಣಸಿನಕಾಯಿ ಹತ್ತಿ, ಅವರು ಕೈಚಾಚಿ ನೀರು ಕೇಳಬೇಕಾಯಿತು. ಆಮೇಲೆ ಕಣ್ಣು ತೆರೆದು, ತಟ್ಟೆಯಲ್ಲಿ ಉಳಿದಿದ್ದ ಕಂದು ತುಂಡುಗಳನ್ನು ಒಮ್ಮೆ ದಿಟ್ಟಿಸಿ, ಟಿಪ್ಪಣಿ ಪುಸ್ತಕದಲ್ಲಿ ‘ಖಾರ ಸ್ವಲ್ಪ ಕಡಿಮೆ’ ಎಂದು ಬರೆದುಕೊಂಡರು.