ಇದರಲ್ಲಿ ಏನು ಹೆಚ್ಚುತ್ತೀರಿ?

ಅಂಚೆಚೀಟಿ ಕೂಡಿಸುವವನಿಗೆ ನಮ್ಮಲ್ಲಿ ಮರ್ಯಾದೆಯಿದೆ. ಹಳೆಯ ನಾಣ್ಯ ಕೂಡಿಸುವವನನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸುತ್ತಾರೆ. ಬೆಂಕಿಪೊಟ್ಟಣದ ಚಿತ್ರ ಕೂಡಿಸಿದವರ ಬಗ್ಗೆಯೂ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬರುತ್ತದೆ. ಚಾಕು ಕೂಡಿಸುತ್ತೇನೆ ಅಂತ ಒಮ್ಮೆ ಹೇಳಿ ನೋಡಿ. ಎದುರಿಗೆ ಕೂತವರು ಕುರ್ಚಿಯನ್ನು ಚೂರು ಹಿಂದಕ್ಕೆ ಸರಿಸಿ, "ಹೌದಾ, ಒಳ್ಳೇದು" ಅನ್ನುತ್ತಾರೆ. ಆಮೇಲೆ ಮಾತು ಈ ವರ್ಷದ ಮಳೆಯ ಕಡೆಗೆ ಹೊರಳುತ್ತದೆ.

ನನ್ನ ಹೆಂಡತಿ ಕುರ್ಚಿ ಸರಿಸುವವಳಲ್ಲ. ಬ್ಯಾಂಕಿನಲ್ಲಿ ಚಿನ್ನದ ಸಾಲ ನೋಡಿಕೊಳ್ಳುವ ಅವಳಿಗೆ ಲೋಹದ ವಿಷಯದಲ್ಲಿ ಭಾವುಕತೆ ಅನ್ನುವುದೇ ಇಲ್ಲ. ತೂಕ ಎಷ್ಟು, ಅಡವಿಟ್ಟರೆ ಎಷ್ಟು ಹುಟ್ಟುತ್ತದೆ, ಮುಗಿಯಿತು. ಕೊರಿಯರ್ ಹುಡುಗ ಡಬ್ಬಿ ಕೊಟ್ಟು ಹೋದ ಮೇಲೆ ನಾನು ಉಸಿರು ಬಿಗಿಹಿಡಿದು ಎಣ್ಣೆ ಕಾಗದ ಬಿಡಿಸುತ್ತಿರುವಾಗ, ಅವಳು ಕನ್ನಡಕ ಹಣೆಗೇರಿಸಿ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಏನು ಹೆಚ್ಚುತ್ತೀರಿ?"

ಏನೂ ಹೆಚ್ಚುವುದಿಲ್ಲ ಎಂಬುದೇ ನಿಜವಾದ ಉತ್ತರ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ನಾನಲ್ಲ. ಬದಲಿಗೆ ಇತಿಹಾಸಕ್ಕೆ ಕೈ ಹಾಕುತ್ತೇನೆ. ಸ್ವಿಸ್ ಸೇನೆಯ ಚಾಕು ಬಂದ ದಿನ ಹಾಗೇ ಆಯಿತು. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಈಬಾಖ್ ಎಂಬ ಊರಲ್ಲಿ ಚಾಕುವಿನ ಕಾರ್ಖಾನೆ ತೆರೆದದ್ದು, 1891ರಲ್ಲಿ ಸೈನಿಕರಿಗೆ ಮಡಚು ಚಾಕು ಒದಗಿಸಿದ್ದು, 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ಸರಕಿಗೆ ಇಟ್ಟಿದ್ದು, ಮುಂದೆ ಅದೇ ವಿಕ್ಟೋರಿನಾಕ್ಸ್ ಆಗಿದ್ದು, ಎಲ್ಲವನ್ನೂ ಹೇಳಿದೆ. ಅವಳು ಮೊದಲ ಬಾರಿಗೆ ತಲೆಯೆತ್ತಿದಳು. ಗೆದ್ದೆ ಅಂದುಕೊಂಡೆ. "ಹೆಂಡತಿ ಹೆಸರು ಇಡಬೇಕು ಅಂತ ಅನ್ನಿಸಲೇ ಇಲ್ವಾ ಪುಣ್ಯಾತ್ಮನಿಗೆ?" ಎಂದು ಕೇಳಿ ಮತ್ತೆ ಮೊಬೈಲಿಗೆ ಮರಳಿದಳು.

ನನ್ನ ಹತ್ತಿರ ಒಟ್ಟು ಎಷ್ಟು ಚಾಕುಗಳಿವೆ ಎಂದು ಇಲ್ಲಿ ಬರೆಯುವಂತಿಲ್ಲ. ಇದನ್ನು ಅವಳೂ ಓದುತ್ತಾಳೆ.

ಒಪಿನೆಲ್ ಚಾಕುವಿನ ವಿಷಯವನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಫ್ರಾನ್ಸಿನ ಸವಾಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮಡಚು ಚಾಕು ಅದು. ರೈತರ ಚಾಕು, ಬೆಲೆಯೂ ಹೆಚ್ಚಿಲ್ಲ. ಬೀಚ್ ಮರದ ದುಂಡನೆಯ ಹಿಡಿ, ಕಾರ್ಬನ್ ಉಕ್ಕಿನ ಅಲಗು. ಅಲಗು ತಾನಾಗಿ ಮಡಚಿಕೊಂಡು ಬೆರಳು ಕತ್ತರಿಸದಿರಲೆಂದು ಕುತ್ತಿಗೆಯ ಹತ್ತಿರ ತಿರುಗಿಸುವ ಒಂದು ಲೋಹದ ಬಳೆ. ಅದು ಸೇರಿದ್ದು 1955ರಲ್ಲಿ. ನನ್ನದು ಎಂಟನೇ ನಂಬರು, ಎಂಟೂವರೆ ಸೆಂಟಿಮೀಟರ್ ಅಲಗು. ಅದಕ್ಕೆ ನೀರು ಸೋಕದಂತೆ, ತೆಳ್ಳಗೆ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದರೆ ಅದು ಸಿಂಕಿನಲ್ಲಿತ್ತು. ಸಾರಿನ ಸೌಟು, ಕುಕ್ಕರಿನ ಮುಚ್ಚಳ, ಎರಡು ಕಾಫಿ ಲೋಟ, ಅವುಗಳ ನಡುವೆ ನೀರಿನಲ್ಲಿ ಮುಳುಗಿ ನನ್ನ ಒಪಿನೆಲ್. ಚಿತ್ರಾನ್ನಕ್ಕೆ ನಿಂಬೆಹಣ್ಣು ಕೊಯ್ಯಲು ಕೈಗೆ ಸಿಕ್ಕಿದ್ದು ಅದೇ ಆಗಿತ್ತು. ಮೇಜಿನ ಮೇಲೆ ಬಿಟ್ಟು ಹೋದವನು ನಾನೇ ಎಂಬ ಸಣ್ಣ ವಿಷಯವನ್ನು ಅವಳು ಎರಡು ಸಲ ನೆನಪಿಸಿದಳು. ಅಲಗಿನ ಅರ್ಧಕ್ಕೆ ನೀಲಿಬೂದು ಬಣ್ಣ ಹಬ್ಬಿತ್ತು, ತುದಿಯಲ್ಲಿ ಮೋಡದಂಥ ಕಲೆ.

ಇಲ್ಲೊಂದು ತಮಾಷೆಯಿದೆ. ಹುಳಿ ತಾಗಿದರೆ ಕಾರ್ಬನ್ ಉಕ್ಕು ಹೀಗೆ ಕಪ್ಪಿಡುತ್ತದೆ. ಆ ಕಪ್ಪು ಪದರ ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಆ ಬಣ್ಣ ಬರಲಿ ಎಂದೇ ನಮ್ಮಂಥವರು ಅಲಗನ್ನು ವಿನಿಗರ್‌ನಲ್ಲಿ ನೆನೆಸುತ್ತಾರೆ, ಸಾಸಿವೆ ಪೇಸ್ಟು ಸವರಿ ಗಡಿಯಾರ ನೋಡುತ್ತ ಕೂರುತ್ತಾರೆ. ಅವಳು ಒಂದು ನಿಂಬೆಹಣ್ಣಿನಲ್ಲಿ ಆ ಕೆಲಸ ಮುಗಿಸಿದ್ದಳು. ಚಿತ್ರಾನ್ನವೂ ಚೆನ್ನಾಗಿತ್ತು.

ನಾನು ಸಮಾಧಾನದಿಂದಲೇ ವಿವರಿಸಿದೆ: ನೋಡು, ಇದು ಸ್ಟೇನ್‌ಲೆಸ್ ಸ್ಟೀಲಲ್ಲ. ಅದನ್ನು ಹ್ಯಾರಿ ಬ್ರಿಯರ್ಲಿ ಎಂಬಾತ ಶೆಫೀಲ್ಡಿನಲ್ಲಿ ತಯಾರಿಸಿದ್ದು 1913ರಲ್ಲಿ; ಇದು ಅದಕ್ಕೂ ಹಳೆಯ ಕ್ರಮದ ಉಕ್ಕು.

"ಅಂದ್ರೆ ತುಕ್ಕು ಹಿಡಿಯದ ಚಾಕು ಬಂದು ನೂರು ವರ್ಷ ದಾಟಿತು. ನೀವು ತುಕ್ಕು ಹಿಡಿಯೋದನ್ನ ಹುಡುಕಿ, ದುಡ್ಡು ಕೊಟ್ಟು, ಫ್ರಾನ್ಸಿಂದ ತರಿಸ್ತೀರಿ."

ವಾದ ಅಲ್ಲಿಗೇ ನಿಂತಿತು. ಬೆಳಿಗ್ಗೆ ನೋಡಿದರೆ ಚಾಕು ತೆರೆಯುತ್ತಲೇ ಇಲ್ಲ. ನೀರು ಕುಡಿದ ಮರದ ಹಿಡಿ ಉಬ್ಬಿ ಅಲಗನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. "ಇದೊಂದೇ ನೋಡಿ ನಿಮ್ಮ ಕಲೆಕ್ಷನ್ನಿನಲ್ಲಿ ಮಕ್ಕಳಿರೋ ಮನೆಗೆ ಯೋಗ್ಯವಾದದ್ದು" ಎಂದಳು.

ಅವಳ ನಿರಾಸಕ್ತಿ ಸೋಮಾರಿ ನಿರಾಸಕ್ತಿಯಲ್ಲ ಎಂಬುದು ನನಗೆ ಗೊತ್ತಾಗಿದ್ದು ಕಾನೂನಿನ ಪ್ರಶ್ನೆ ಬಂದಾಗ. ಪತ್ರಿಕೆಯಲ್ಲಿ ಆಗಾಗ ಒಂದು ಫೋಟೊ ಬರುತ್ತದಲ್ಲ: ಠಾಣೆಯ ಮೇಜಿನ ಮೇಲೆ ಮಚ್ಚು, ಲಾಂಗು, ಡ್ರ್ಯಾಗರ್ ಸಾಲಾಗಿ ಜೋಡಿಸಿ, ಹಿಂದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡವರನ್ನು ನಿಲ್ಲಿಸಿರುತ್ತಾರೆ. ಅಂಥದೊಂದನ್ನು ನನ್ನ ಮುಂದೆ ಹಿಡಿದು, "ನಿಮಗೆ ಯಾವ ಕರವಸ್ತ್ರ ಇಸ್ತ್ರಿ ಮಾಡಿಡಲಿ?" ಎಂದಳು. ನಾನು ಶಸ್ತ್ರಾಸ್ತ್ರ ನಿಯಮ ಒಪ್ಪಿಸಿದೆ. ಅಲಗು 9 ಇಂಚಿಗಿಂತ ಉದ್ದವೋ 2 ಇಂಚಿಗಿಂತ ಅಗಲವೋ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ್ದಾದರೆ ಬರುವುದಿಲ್ಲ. ಅವಳು ಮಾತಾಡದೆ ಹೊಲಿಗೆ ಡಬ್ಬಿಯಿಂದ ಟೇಪು ತಂದು, ನೆಲದ ಮೇಲೆ ಕೂತು, ಒಂದೊಂದನ್ನೂ ಅಳೆದಳು. ಗಿರವಿಯ ಒಡವೆ ಪರೀಕ್ಷಿಸುವಷ್ಟೇ ಶ್ರದ್ಧೆ. ಎಲ್ಲವೂ ಪಾಸಾದವು. ಇಡೀ ಮನೆಯಲ್ಲಿ ಅಗಲದ ಮಿತಿ ಮೀರಿದ್ದು ಒಂದೇ, ಅವಳ ತವರಿನಿಂದ ಬಂದ ಈಳಿಗೆಮಣೆ. ನಾನು ಬಾಯಿ ತೆರೆಯುವುದರೊಳಗೆ, "ಅದು ಮನೆಬಳಕೆಯದು. ನೀವೇ ಹೇಳಿದ್ರಲ್ಲ" ಎಂದು ಟೇಪು ಸುತ್ತಿಕೊಂಡು ಎದ್ದಳು. ಕೇಳಿಸಿಕೊಳ್ಳುತ್ತಿಲ್ಲ ಎಂದು ನಾವು ಅಂದುಕೊಳ್ಳುವುದೆಲ್ಲ ನಿಜವಲ್ಲ.

ಆ ಈಳಿಗೆಮಣೆಯನ್ನು ನಾನು ಬಹಳ ಕಾಲದಿಂದ ಕಣ್ಣಿಟ್ಟು ನೋಡುತ್ತಿದ್ದೇನೆ. ಊರಿನ ಕಮ್ಮಾರ ಬಡಿದ ಅಲಗು, ಹಲಸಿನ ಮರದ ಮಣೆ, ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲು. ನನ್ನ ಚಾಕುಗಳಲ್ಲಿ ಅಲಗು ಓಡಾಡಬೇಕು, ತರಕಾರಿ ಸುಮ್ಮನಿರಬೇಕು. ಇಲ್ಲಿ ಅಲಗು ನಿಂತೇ ಇರುತ್ತದೆ. ಎರಡೂ ಕೈ ತರಕಾರಿಯ ಮೇಲೆ. ಅವಳು ಒಂದು ಮಂಡಿ ಮಡಿಸಿ ಮಣೆಯ ಮೇಲೆ ಕೂತು, ಟಿ.ವಿ.ಯ ಧಾರಾವಾಹಿಯಿಂದ ಕಣ್ಣು ಕೀಳದೆ, ಬೀನ್ಸನ್ನು ಒಂದೇ ಅಳತೆಗೆ ಉದುರಿಸುತ್ತಾ ಹೋಗುವುದನ್ನು ನೋಡಿದಾಗ, ಈ ಮನೆಯಲ್ಲಿ ಅಲಗಿನ ಮರ್ಮ ಬಲ್ಲವರು ಯಾರು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಅದನ್ನೊಮ್ಮೆ ಮಸೆದು ಕೊಡುತ್ತೇನೆ ಎಂದರೆ ಒಪ್ಪುವುದಿಲ್ಲ. "ನಿಮ್ಮ ಕೈ ನೋಡಿಕೊಳ್ಳಿ ಮೊದಲು."

ಕೈ ಎಂದರೆ ಎಡ ಮುಂಗೈ. ಚಾಕುವನ್ನು ಒರಟು ಸಾಣೆಕಲ್ಲಿನಿಂದ ನುಣುಪು ಕಲ್ಲಿಗೆ ಏರಿಸಿ ಮಸೆದ ಮೇಲೆ, ಹರಿತ ಬಂತೋ ಇಲ್ಲವೋ ಎಂದು ತಿಳಿಯಲು ಮುಂಗೈ ಕೂದಲು ಬೋಳಿಸಿ ನೋಡುವುದು ಈ ಹುಚ್ಚಿನವರ ವಾಡಿಕೆ. ಹಾಗಾಗಿ ನನ್ನ ಬಲಗೈ ಗಂಡಸಿನದು, ಎಡಗೈ ಮದುಮಗಳದು. ಗೃಹಪ್ರವೇಶವೊಂದರಲ್ಲಿ ಅವಳ ದೊಡ್ಡಮ್ಮ, "ಅಯ್ಯೋ, ಅಳಿಯಂದಿರ ಕೈಗೇನಾಯ್ತೇ?" ಎಂದು ಕೇಳಿದಾಗ ಇವಳು ಕಣ್ಣು ಮಿಟುಕಿಸದೆ, "ಅಲರ್ಜಿ, ದೊಡ್ಡಮ್ಮ. ಔಷಧಿ ನಡೀತಿದೆ" ಎಂದಳು. ಆಸಕ್ತಿ ಇರುವ ಹೆಂಡತಿಯಾಗಿದ್ದರೆ ನಿಜ ಹೇಳಿಬಿಡುತ್ತಿದ್ದಳು.

ವಿರಾಜಪೇಟೆಯಲ್ಲಿ ಗೆಳೆಯನ ಮದುವೆಗೆ ಹೋದಾಗಿನದು ಬೇರೆ ಕಥೆ. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ನಾನು ಮದುಮಗನ ಸೊಂಟ ನೋಡುತ್ತಿದ್ದೆ. ಕೆಂಪು ರೇಷ್ಮೆಯ ಚೇಲೆಗೆ ಸಿಕ್ಕಿಸಿದ, ಬೆಳ್ಳಿ ಕೆತ್ತನೆಯ ಒರೆಯ ಪೀಚೆಕತ್ತಿ! ಬಾಳೆ ಕಡಿಯುವ ಶಾಸ್ತ್ರದಲ್ಲಿ ಒಡಿಕತ್ತಿ ಒಂದೇ ಏಟಿಗೆ ದಿಂಡನ್ನು ತುಂಡರಿಸಿದಾಗ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಅವಳು ಮೊಣಕೈಯಿಂದ ತಿವಿದಳು. ತಿವಿತ ಹರಿತವಾಗಿಯೇ ಇತ್ತು.

ಕಡೆಗೆ ಅವಳ ಮನಸ್ಸು ಒಲಿಸಲು ಪುಣೆಯ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ದಿನಕರ ಕೇಳ್ಕರ್ ಕನ್ನಡಕದ ವ್ಯಾಪಾರಿ, ಜೊತೆಗೆ 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಬರೆದ ಮರಾಠಿ ಕವಿ. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ, ಊರೂರು ತಿರುಗಿ ಜನರ ಮನೆಬಳಕೆಯ ಸಾಮಾನು ಕೂಡಿಸಿದರು: ದೀಪ, ಬಾಗಿಲು, ಪಾತ್ರೆ, ಕಾಲುಜ್ಜುವ ವಜ್ರಿ. ಎಲ್ಲವನ್ನೂ 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ನನಗೆ ಬೇಕಾಗಿದ್ದುದು ಅಲ್ಲಿನ ಅಡಕತ್ತರಿಗಳು. ಹಿತ್ತಾಳೆಯಲ್ಲಿ ಎಷ್ಟೊಂದು ರೂಪ! ಅಡಿಕೆಯನ್ನು ಎರಡು ಹೋಳು ಮಾಡುವಷ್ಟೇ ಕೆಲಸವಿರುವ ಒಂದು ಉಪಕರಣಕ್ಕೆ ಅಷ್ಟು ಕಸುಬು ಸುರಿದ ಜನ ನಮ್ಮವರು. ಗಾಜಿಗೆ ಮೂಗು ಒತ್ತಿ ನಿಂತಿದ್ದ ನಾನು, ಮೆಲ್ಲನೆ ವಿಷಯಕ್ಕೆ ಬಂದೆ: "ಅವರ ಹೆಂಡತಿ ಕಮಲಾಬಾಯಿ ಈ ಕೆಲಸದಲ್ಲಿ ಕೊನೇತನಕ ಜೊತೆಗಿದ್ದರಂತೆ."

ಅವಳು ಕಪಾಟಿನ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಳು. "ಇಷ್ಟನ್ನೂ ಧೂಳು ಹೊಡೆದವರು ಯಾರು ಅಂತ ಎಲ್ಲಾದರೂ ಬರೆದಿದ್ದಾರಾ?"

ಎಲ್ಲೂ ಬರೆದಿರಲಿಲ್ಲ. ನಾನು ಬೋರ್ಡುಗಳನ್ನೆಲ್ಲ ಓದಿ ನೋಡಿದೆ.

ಆದರೂ ಆಯುಧಪೂಜೆಯ ದಿನ ನನ್ನ ಚಾಕುಗಳಿಗೂ ಕುಂಕುಮ ಇಡುತ್ತಾಳೆ, ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ ಆದ ಮೇಲೆ. ಅರಿಸಿನ ಕುಂಕುಮ ಹಸಿಯಾಗಿದ್ದರೆ ಕಾರ್ಬನ್ ಉಕ್ಕಿಗೆ ಕಲೆ ಬೀಳುತ್ತದೆ ಎಂದು ನಾನು ಹೇಳುವುದಿಲ್ಲ. ಹೇಳಬಾರದು.

ಈಗ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಅಟ್ಟದ ಮೇಲೋ ಊರಿನ ಸಂತೆಯ ಗುಜರಿ ಅಂಗಡಿಯಲ್ಲೋ ಹಳೆಯ ಹಿತ್ತಾಳೆಯ ಅಡಕತ್ತರಿ ಕಂಡರೆ ದಯವಿಟ್ಟು ನನಗೆ ತಿಳಿಸಿ. ಹಿಡಿ ಮುರಿದಿದ್ದರೂ ಪರವಾಗಿಲ್ಲ. ಫೋನನ್ನು ಮಾತ್ರ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ಒಳಗೆ ಮಾಡಿ. ಬ್ಯಾಂಕಿನ ವೇಳೆ ಅದು. ಎರಡನೇ ಮತ್ತು ನಾಲ್ಕನೇ ಶನಿವಾರ ಬೇಡ.