ಬತ್ತಿದ ಬೋರ್‌ವೆಲ್‌ಗೆ ಕಾರಣ ಎಷ್ಟು ವಿಧ? ಚಿಕ್ಕಬಳ್ಳಾಪುರ ಸೀಮೆಯ ಕಾರ್ಯಕಾರಣ ಮೀಮಾಂಸೆಗೆ ಒಂದು ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ಕಾರ್ಯ ಹಾಗೂ ಕಾರಣಗಳ ಅಂತಸ್ಸಂಬಂಧದ ಬಹುಮುಖಿ ಆಯಾಮಗಳನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಸ್ಥಳೀಯ ನೆಲೆಯಲ್ಲಿ ಮುಖಾಮುಖಿಯಾಗಿಸಿ, ಆ ಮುಖಾಮುಖಿಯಿಂದ ಹೊಮ್ಮುವ ಅನುಸಂಧಾನವನ್ನು ಮರು-ಓದಿಗೆ ಒಳಪಡಿಸುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯದ ಅರ್ಥ ಪ್ರಬಂಧಕಾರರಿಗೂ ಪೂರ್ತಿ ಆಗಿಲ್ಲ. ಆದರೆ ಇಂಥದ್ದೊಂದು ವಾಕ್ಯವಿಲ್ಲದೆ ಯಾವ ವಿಚಾರ ಸಂಕಿರಣದ ದೀಪವೂ ಹೊತ್ತಿಕೊಳ್ಳುವುದಿಲ್ಲ.

ಅಧ್ಯಯನದ ವಸ್ತು ಒಂದು ಕೊಳವೆಬಾವಿ. ಸಾವಿರದ ಇನ್ನೂರು ಅಡಿ ಕೊರೆದರೂ ಬಿಳಿ ದೂಳು ಬಿಟ್ಟು ಮತ್ತೇನೂ ಕೊಡದ ಬಾವಿ. ಅದು ಚಿಂತಾಮಣಿಯದೋ ಗೌರಿಬಿದನೂರಿನದೋ ಶಿಡ್ಲಘಟ್ಟದ್ದೋ ಎಂಬುದು ಗೌಣ, ಏಕೆಂದರೆ ದೂಳಿನ ಬಣ್ಣ ಮೂರೂ ಕಡೆ ಒಂದೇ. ಇದು ಬತ್ತಿದ್ದೇಕೆ? ಕೂಲಂಕಷ ಪರಿಶೀಲನೆಯ ನಂತರ ಕಾರಣಗಳು ಏಳು ವಿಧವೆಂದು ತೀರ್ಮಾನಿಸಲಾಗಿದೆ. ವಿಧಕ್ಕೆ ಮೂರು ಉಪವಿಧ, ಉಪವಿಧಕ್ಕೊಂದು ಸಮಿತಿ.

ಮೊದಲನೆಯದು ನೈಯಾಯಿಕ ವಿಧ. 17ನೇ ಶತಮಾನದ ಅನ್ನಂಭಟ್ಟರ ‘ತರ್ಕಸಂಗ್ರಹ’ ಕಾರಣವನ್ನು ಸಮವಾಯಿ, ಅಸಮವಾಯಿ, ನಿಮಿತ್ತ ಎಂದು ಮೂರಾಗಿ ವಿಂಗಡಿಸುತ್ತದೆ. ಬಟ್ಟೆಗೆ ನೂಲು ಸಮವಾಯಿ, ನೂಲುಗಳ ಸಂಯೋಗ ಅಸಮವಾಯಿ, ಮಗ್ಗ ನಿಮಿತ್ತ. ನೂಲಿನ ಉದಾಹರಣೆ ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಿಗೆ ಹೊಸದೇನಲ್ಲ. ನೀರಿಲ್ಲದೆ ಹಿಪ್ಪುನೇರಳೆ ಇಲ್ಲ, ಸೊಪ್ಪಿಲ್ಲದೆ ಹುಳವಿಲ್ಲ, ಹುಳವಿಲ್ಲದೆ ಗೂಡಿಲ್ಲ ಎಂಬ ಸರಪಳಿಯನ್ನು ಅವರು ಯಾವ ಭಟ್ಟರನ್ನೂ ಓದದೆ ಒಪ್ಪಿಸಬಲ್ಲರು. ನಮ್ಮ ಬಾವಿಯ ಮಟ್ಟಿಗೆ ಗ್ರಾನೈಟ್ ಬಂಡೆ ಸಮವಾಯಿ. ಬಂಡೆಯಲ್ಲಿ ಬಿರುಕಿಲ್ಲದಿರುವುದು ಅಸಮವಾಯಿ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದು ಅಡಿ ಲೆಕ್ಕದಲ್ಲಿ ದುಡ್ಡೆಣಿಸಿಕೊಂಡು ಹೋದ ಲಾರಿ ನಿಮಿತ್ತ. 1739ರಲ್ಲಿ ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡಿನವನು, ನಮಗೆ ಕಾಣುವುದು ಒಂದರ ಹಿಂದೆ ಇನ್ನೊಂದು ಬರುವುದಷ್ಟೇ, ಎರಡನ್ನೂ ಬಿಗಿಯುವ ಗಂಟು ಕಣ್ಣಿಗೆ ಬೀಳುವುದಿಲ್ಲ ಎಂದು ವಾದಿಸಿದ. ಲಾರಿ ಬರುತ್ತದೆ, ಹಿಂದೆಯೇ ಸಾಲ ಬರುತ್ತದೆ. ಇಲ್ಲಿ ಗಂಟು ಕಾಣದವನು ಬ್ಯಾಂಕಿನ ನೋಟಿಸು ನೋಡಿಲ್ಲ ಎಂದಷ್ಟೇ ಹೇಳಬೇಕಾಗುತ್ತದೆ.

ಎರಡನೆಯದು ಕಾಕತಾಳೀಯ. ಬೋರ್‌ವೆಲ್‌ಗೆ ನೀರಿನ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವಿಡೀ ತಿರುಗುತ್ತಾರೆ. ಕಾಯಿ ನೆಟ್ಟಗೆ ನಿಂತ ಕಡೆ ಸುಣ್ಣದ ಗುರುತು ಬೀಳುತ್ತದೆ. ನೀರು ಬಂದರೆ ಕಾಯಿ ಕಾರಣ. ಬರದಿದ್ದರೆ ಮನೆಯವರಲ್ಲಿ ಯಾರದೋ ದೋಷ ಕಾರಣ. ಎರಡು ಕಡೆಯೂ ಸೋಲದ ಇಂಥ ಸಿದ್ಧಾಂತ ಯೋಜನಾ ಇಲಾಖೆಯ ಹೊರಗೆ ಬೇರೆಲ್ಲೂ ಸಿಗದು.

ಮೂರನೆಯದು ಸತ್ಕಾರ್ಯವಾದ. ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವಂತೆ ಕಾರಣದಲ್ಲಿ ಕಾರ್ಯ ಅಡಗಿರುತ್ತದೆ ಎಂಬುದು ಸಾಂಖ್ಯರ ಮತ. ಇದನ್ನು ಪ್ರಯೋಗಕ್ಕೆ ಇಳಿಸಿದ್ದು ಈ ಸೀಮೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆ. ನೀರು ಹುಟ್ಟುವುದು ಸಕಲೇಶಪುರದ ಘಟ್ಟದಲ್ಲಿ. 2014ರಲ್ಲಿ ಅಡಿಗಲ್ಲು ಬಿದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಅಂದರೆ ನೀರಿನ ಬಾಲ ಬರಬೇಕಾದ ಕಡೆ. ಕಲ್ಲಿನಲ್ಲಿ 24.01 ಟಿಎಂಸಿ ನೀರು ಸೂಕ್ಷ್ಮರೂಪದಲ್ಲಿ ಅಡಗಿತ್ತೆಂದು ತಿಳಿಯತಕ್ಕದ್ದು. ಸಾಂಖ್ಯರ ಪ್ರಕಾರ ಹೊಸದಾಗಿ ಏನೂ ಹುಟ್ಟುವುದಿಲ್ಲ. ಈ ನಿಯಮಕ್ಕೆ ಅಂದಾಜು ವೆಚ್ಚವೊಂದೇ ಅಪವಾದ. 2012ರಲ್ಲಿ 8,323 ಕೋಟಿ ಇದ್ದದ್ದು 2023ರ ಹೊತ್ತಿಗೆ 23,251 ಕೋಟಿ ರೂಪಾಯಿ ದಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಪಂಪು ಚಾಲೂ ಆದಾಗಲೂ ನೀರು ಈ ಜಿಲ್ಲೆಗೆ ಬಂದಿರಲಿಲ್ಲ. ಮಧ್ಯದಲ್ಲಿ, 2016ರ ಮಾರ್ಚ್‌ನಲ್ಲಿ, ನೀರು ಕೇಳಲು ಟ್ರಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟ ರೈತರ ಮೇಲೆ ಲಾಠಿ ಬೀಸಲಾಯಿತು. ಲಾಠಿಯಲ್ಲಿ ಏಟು ಅಡಗಿರುತ್ತದೆ ಎಂಬಷ್ಟರ ಮಟ್ಟಿಗೆ ಸಾಂಖ್ಯರ ಮಾತು ನಿಜವಾಯಿತು.

ನಾಲ್ಕನೆಯದು ಅನಾದಿವಿಧ. ಕಾರಣವನ್ನು ಹಿಂದೆ ಹಿಂದೆ ತಳ್ಳುತ್ತ ಹೋದರೆ ಕೊನೆಗೆ ಸತ್ತವರು ಸಿಗುತ್ತಾರೆ. ವರದಿ ಬರೆಯುವವರಿಗೆ ಅದರಷ್ಟು ಸುಖ ಬೇರಿಲ್ಲ. ಅಂತರ್ಜಲ ಹೀರಿದ್ದು ನೀಲಗಿರಿ; ನೀಲಗಿರಿಯನ್ನು ನಂದಿಬೆಟ್ಟಕ್ಕೆ 1790ರ ಸುಮಾರಿಗೆ ತಂದವನು ಟಿಪ್ಪು ಎಂಬ ಪ್ರತೀತಿಯಿದೆ; ಹಾಗಾಗಿ ಟಿಪ್ಪುವೇ ಕಾರಣ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿದ್ದನ್ನು ಈ ವಿಧದ ವಿದ್ವಾಂಸರು ಹೇಳುವುದಿಲ್ಲ. 2017ರಲ್ಲಿ ನೀಲಗಿರಿ ನೆಡಬಾರದೆಂದು ಆದೇಶ ಹೊರಡಿಸಿದ್ದು ಕೂಡ ಸರ್ಕಾರವೇ.

ಐದನೆಯದು ಅನ್ಯಥಾಸಿದ್ಧ. ಮಡಕೆಗೆ ಮಣ್ಣು ಹೊತ್ತ ಕುಂಬಾರನ ಕತ್ತೆ ಮಡಕೆಗೆ ಕಾರಣವಲ್ಲ, ಕತ್ತೆಯಿಲ್ಲದೆಯೂ ಮಣ್ಣು ಬರಬಹುದಿತ್ತು ಎಂಬುದು ನ್ಯಾಯಶಾಸ್ತ್ರದ ಪ್ರಸಿದ್ಧ ತೀರ್ಪು. ನಮ್ಮ ಕಾಲದ ಮೀಮಾಂಸೆ ಈ ತೀರ್ಪನ್ನು ತಿರುವಿಹಾಕಿ ಕತ್ತೆಯೊಂದನ್ನೇ ಕಾರಣವಾಗಿ ಉಳಿಸಿಕೊಂಡಿದೆ. ರೈತರು ಮಿತಿಮೀರಿ ಬಾವಿ ಕೊರೆದರು, ಆದ್ದರಿಂದ ನೀರು ಬತ್ತಿತು. ಕೆರೆಗಳ ಹೂಳು ತೆಗೆಯದವರು, ರಾಜಕಾಲುವೆ ಮುಚ್ಚಿದವರು, ಪಿನಾಕಿನಿಯ ಮರಳು ಬಗೆದವರು, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು ಘೋಷಿಸಿ ವೋಟು ಎಣಿಸಿದವರು, ಇವರೆಲ್ಲ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಬಾಗೇಪಲ್ಲಿ ಕಡೆಯ ಮುದುಕರೊಬ್ಬರು “ನೀಳ್ಳು ಲೇವು ಸಾಮಿ” (ನೀರಿಲ್ಲ ಸ್ವಾಮಿ) ಎಂದು ತೆಲುಗಿನಲ್ಲಿ ಹೇಳಿದರೆ ಅದು ಕ್ಷೇತ್ರಕಾರ್ಯದ ದತ್ತಾಂಶ. ಯಾಕಿಲ್ಲ ಎಂದು ಅವರೇ ಕೇಳಿದರೆ ಅಶಿಸ್ತು.

ಆರು ಮತ್ತು ಏಳನೆಯ ವಿಧಗಳನ್ನು ಕೈಬಿಡಲಾಗಿದೆ. ಪ್ರಬಂಧಕಾರರಿಗೆ ಸಾಕಾಗಿದೆ.

ಯಾಕೆ ಎಂದು ಕೇಳುವುದನ್ನೇ ಬದುಕು ಮಾಡಿಕೊಂಡ ಒಬ್ಬರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ್ದರು. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಕಟ್ಟಿ, ಗಾಳಿಯಿಂದ ವಿಭೂತಿ ಬರುವ ಕಾರಣವನ್ನು ಸತ್ಯ ಸಾಯಿಬಾಬಾ ಅವರನ್ನೇ ಕೇಳಿದರು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಇಂದು ಈ ಸೀಮೆಯ ಕೆರೆಗಳಿಗೆ ಹರಿಯುತ್ತಿರುವ ಬೆಂಗಳೂರಿನ ಚರಂಡಿ ನೀರಿನ ಯೋಜನೆಯ ಹೆಸರೂ ಎಚ್.ಎನ್. ವ್ಯಾಲಿಯೇ. ಅದು ಹೆಬ್ಬಾಳ–ನಾಗವಾರದ ಎಚ್ ಮತ್ತು ಎನ್, ಶುದ್ಧ ಕಾಕತಾಳೀಯ. ಆದರೂ ಎಚ್ಚೆನ್ ಇದ್ದಿದ್ದರೆ ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಯಾರದೋ ಮೇಜಿನ ಮೇಲಿಟ್ಟು ಕೇಳುತ್ತಿದ್ದರು ಎಂದು ಊಹಿಸಲು ಪ್ರಮಾಣಗ್ರಂಥ ಬೇಕಿಲ್ಲ.

ಇನ್ನು, ಬತ್ತದೆ ಉಳಿದ ಬೋರ್‌ವೆಲ್‌ಗಳ ನೀರಿಗೆ ಫ್ಲೋರೈಡ್ ಏಕೆ ಬಂತು ಎಂಬುದರಲ್ಲಿ ಯಾವ ಗೂಢವೂ ಇಲ್ಲ. ಆಳ ಹೋದಷ್ಟೂ ನೀರು ಬಂಡೆಯ ಜತೆ ಹೆಚ್ಚು ಕಾಲ ಇರುತ್ತದೆ, ಬಂಡೆಯ ಖನಿಜ ಅದರಲ್ಲಿ ಕರಗುತ್ತದೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಕೆಲವರ ಬೆನ್ನು ಬಾಗುತ್ತದೆ. ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಔಷಧಿ ಇಲ್ಲ. ಹಳ್ಳಿಯ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು ಸಿಗುತ್ತದೆ, ಅದು ಕೆಟ್ಟಿರದಿದ್ದರೆ. ಕೆಟ್ಟಿದ್ದರೆ “ತಾಂತ್ರಿಕ ಕಾರಣ” ಎಂಬ ಚೀಟಿ ಅಂಟಿರುತ್ತದೆ. ಇಡೀ ಜಿಲ್ಲೆಯಲ್ಲಿ ಯಾವ ಸಮಿತಿಯೂ ಸಂಶಯಿಸದ ಕಾರಣ ಅದೊಂದೇ.

ಎಚ್.ಎನ್. ವ್ಯಾಲಿಯ ನೀರನ್ನು ಎರಡು ಹಂತ ಶುದ್ಧೀಕರಿಸಿ ಬಿಡಲಾಗುತ್ತಿದೆ. ಮೂರನೇ ಹಂತವೂ ಬೇಕೆಂದು ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಇದು ಕುಡಿಯಲಿಕ್ಕಲ್ಲ, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲಿಕ್ಕೆ ಮಾತ್ರ ಎಂಬುದು ಅವರಿಗೆ ಸಿಗುವ ಉತ್ತರ. ಆ ಅಂತರ್ಜಲವನ್ನೇ ಬೋರ್‌ವೆಲ್‌ನಿಂದ ಎತ್ತಿ, ಓವರ್‌ಹೆಡ್ ಟ್ಯಾಂಕಿಗೆ ತುಂಬಿಸಿ, ಹಳ್ಳಿಯ ನಲ್ಲಿಗೆ ಬಿಡುವುದು ಗ್ರಾಮ ಪಂಚಾಯಿತಿ.