ಪಕ್ಕಾ ಮಾಮ

ನವಿ ಮುಂಬಯಿಯ ಬೇಲಾಪುರದ ಯಾವುದಾದರೂ ಹಳೆಯ ಸೊಸೈಟಿಯ ಗೇಟಿನ ಬಳಿ ಬೆಳಿಗ್ಗೆ ಹತ್ತು ಗಂಟೆಗೆ ಸುಮ್ಮನೆ ನಿಂತು ನೋಡಿ. ಕೈಯಲ್ಲಿ ಬಟ್ಟೆಚೀಲ, ಜೇಬಿನಲ್ಲಿ ಎರಡು ಪೆನ್ನು, ಬಿಸಿಲಿದ್ದರೂ ಕಂಕುಳಲ್ಲಿ ಕೊಡೆ, ಎಪ್ಪತ್ತು ದಾಟಿದ ಒಬ್ಬರು ಮೆಟ್ಟಿಲಿಳಿದು ಬರುತ್ತಾರೆ. ಗೇಟಿನ ತನಕ ಬರುತ್ತಾರೆ, ನಿಲ್ಲುತ್ತಾರೆ, ಏನೋ ನೆನಪಾದವರಂತೆ ತಿರುಗಿ ಮೆಟ್ಟಿಲು ಹತ್ತುತ್ತಾರೆ. ಮೇಲಿನಿಂದ ಬೀಗ ಜಗ್ಗುವ ಸದ್ದು ಕೇಳುತ್ತದೆ: ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ವಾಚ್‌ಮನ್ ತಲೆ ಎತ್ತುವುದೂ ಇಲ್ಲ. ಅವನ ಲೆಕ್ಕದಲ್ಲಿ ಎರಡನೆಯ ಸಲ ಇಳಿದದ್ದೇ ನಿಜವಾದ ಹೊರಡುವಿಕೆ.

ನಮ್ಮ ಕಟ್ಟಡದಲ್ಲಿ ಇವರ ಹೆಸರು ಪಕ್ಕಾ ಮಾಮ. ಮರಾಠಿಯವರಿಗೆ ಪಕ್ಕಾ ಕಾಕಾ. ಅಪ್ಪ ಅಮ್ಮ ಇಟ್ಟ ಹೆಸರು ಬಾಗಿಲಿನ ಹಿತ್ತಾಳೆ ಫಲಕದಲ್ಲಿ ಉಂಟು, ಆದರೆ ಅದನ್ನು ಪೋಸ್ಟ್‌ಮ್ಯಾನ್ ಬಿಟ್ಟು ಯಾರೂ ಬಳಸಿದ್ದಿಲ್ಲ. ಯಾವ ಮಾತನ್ನು ಮುಗಿಸುವಾಗಲೂ ಮಾಮ ಒಂದು "ಪಕ್ಕಾ ಅಲ್ವಾ?" ಸೇರಿಸುತ್ತಾರೆ. ನಾಳೆ ಹಾಲು ಬರುವುದು ಪಕ್ಕಾ ಅಲ್ವಾ? ಈ ಮಾತ್ರೆ ಊಟದ ನಂತರವೇ, ಪಕ್ಕಾ ಅಲ್ವಾ? ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದಾಗ, ಮಂಗಳಾರತಿ ಆದ ಮೇಲೆ ಭಟ್ಟರನ್ನೂ ಬಿಡಲಿಲ್ಲ: "ಭಟ್ರೇ, ಎಲ್ಲ ಅಧ್ಯಾಯವೂ ಆಯ್ತಲ್ಲ, ಪಕ್ಕಾ?" ಅಂದು ಭಟ್ಟರಿಗೆ ಇನ್ನೆರಡು ಮನೆಯ ಪೂಜೆ ಬಾಕಿಯಿತ್ತು. ಅವರು ದಕ್ಷಿಣೆಯನ್ನು ಎಣಿಸದೆಯೇ ಹೊರಟರು.

ಇಂಥವರು ಹುಟ್ಟಿನಿಂದಲೇ ಪುಕ್ಕಲರು ಎಂದು ತಿಳಿದರೆ ತಪ್ಪು. ಮೀಸೆ ಮೂಡುವ ಮುಂಚೆಯೇ ಉಡುಪಿ ಕಡೆಯ ಹಳ್ಳಿಯಿಂದ ಒಂದು ಟ್ರಂಕು ಹಿಡಿದು ಬಸ್ಸು ಹತ್ತಿ ಮುಂಬಯಿಗೆ ಬಂದವರು. ಬರುವಾಗ ಹಿಂದಿ ಗೊತ್ತಿರಲಿಲ್ಲ, ಇಳಿಯುವ ಜಾಗವೂ ಗೊತ್ತಿರಲಿಲ್ಲ. ಫೋರ್ಟಿನ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗ ಸೇರಿದರು. ಹಾರ್ಬರ್ ರೈಲು ಖಾಡಿ ದಾಟಿ ವಾಶಿಗೆ ಬಂದದ್ದು 1992ರಲ್ಲಿ. ಅದಕ್ಕೂ ಮೊದಲೇ, ನವಿ ಮುಂಬಯಿ ಕಟ್ಟಿದ ಸಿಡ್ಕೋದ ಫಾರ್ಮು ತುಂಬಿ, ಸುತ್ತ ಹುಲ್ಲು ಮತ್ತು ಕಪ್ಪೆ ಬಿಟ್ಟರೆ ಏನೂ ಇಲ್ಲದ ಬೇಲಾಪುರದಲ್ಲಿ ಮನೆ ಹಿಡಿದ ಧೈರ್ಯ ಇವರದು. 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ದಿನ, ಫೋರ್ಟಿನಿಂದ ಚೆಂಬೂರಿನ ತನಕ ನಡೆದು, ಗುರುತಿನವರ ಹೋಟೆಲಿನ ಬೆಂಚಿನ ಮೇಲೆ ರಾತ್ರಿ ಕಳೆದು, ಮರುದಿನ ವಾಶಿ ಸೇತುವೆಯನ್ನು ಕಾಲ್ನಡಿಗೆಯಲ್ಲೇ ದಾಟಿ ಮನೆಗೆ ಬಂದರು. ಬಾಗಿಲು ತೆರೆದ ಮಾಮಿ ಅಳುತ್ತಿದ್ದರೆ ಇವರು ಕೇಳಿದ್ದು, "ಸಾರು ಉಂಟಾ?"

ಅಂಥ ಮನುಷ್ಯ ಈಗ ಗ್ಯಾಸಿನ ನಾಬಿಗೆ ಹೆದರುತ್ತಾರೆ.

ಸಿಲಿಂಡರ್ ಇದ್ದ ಕಾಲದಲ್ಲಿ ಇಷ್ಟಿರಲಿಲ್ಲವಂತೆ. ಸಿಲಿಂಡರ್ ಆದರೆ ಎಂದಾದರೊಂದು ದಿನ ಖಾಲಿಯಾಗುತ್ತದೆ, ಅಪಾಯಕ್ಕೊಂದು ಮಿತಿ ಇರುತ್ತದೆ. ಪೈಪಿನ ಗ್ಯಾಸಿಗೆ ಕೊನೆಯೆಂಬುದಿಲ್ಲ ಎನ್ನುವುದು ಅವರ ವಾದ, ತರ್ಕದಲ್ಲಿ ತಪ್ಪೂ ಇಲ್ಲ. ನಾಬ್ ಬಂದ್ ಆಗಿದೆಯೋ ಇಲ್ಲವೋ ಎಂಬ ಅನುಮಾನ ಸ್ಟೇಷನ್ ಮುಟ್ಟಿದ ಮೇಲೆಯೇ ಬರುವುದರಿಂದ, ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ ಎಂದು ಟೊರಾಂಟೋದಲ್ಲಿರುವ ಮಗ ಉಪಾಯ ಹೇಳಿದ. ಕೆಲವು ದಿನ ನಡೆಯಿತು. ಆಮೇಲೆ ಹೊಸ ಸಂಶಯ ಹುಟ್ಟಿತು: ಈ ಫೋಟೊ ಇವತ್ತಿನದೋ ನಿನ್ನೆಯದೋ? ನಾಬ್ ಎಲ್ಲ ದಿನವೂ ಒಂದೇ ರೀತಿ ಕಾಣುತ್ತದಲ್ಲ. ಫೋಟೊದಲ್ಲೇ ತಾರೀಕು ಇರುತ್ತದೆ ಎಂದರೆ, "ಮೊಬೈಲಿನ ತಾರೀಕು ಸರಿ ಇದೆಯೆಂದು ಯಾರು ಹೇಳಿದ್ದು?" ಎಂದರು. ಈಗ ಮಾಮ ಹೊರಡುವ ಮುಂಚೆ ಅಂದಿನ 'ಕರ್ನಾಟಕ ಮಲ್ಲ'ವನ್ನು ಮಡಿಸಿ ಒಲೆಯ ಪಕ್ಕ ನಿಲ್ಲಿಸಿ, ಸಿನಿಮಾದ ಅಪಹರಣಕಾರರು ಒತ್ತೆಯಾಳಿನ ಕೈಗೆ ಪತ್ರಿಕೆ ಕೊಟ್ಟು ಫೋಟೊ ತೆಗೆಯುವ ಹಾಗೆ, ಎರಡನ್ನೂ ಸೇರಿಸಿ ತೆಗೆಯುತ್ತಾರೆ. ಮಗ ಕಳೆದ ವರ್ಷ ಬಂದಾಗ ಕಾಶಿಯಾತ್ರೆಯ ಚಿತ್ರ ನೋಡಲು ಫೋನ್ ತೆಗೆದುಕೊಂಡನಂತೆ. ವಿಶ್ವನಾಥನ ಹಿಂದೆಯೂ ನಾಬ್, ಮುಂದೆಯೂ ನಾಬ್.

ಊರಿಗೆ ಹೋಗುವುದು ಇನ್ನೊಂದು ಪುರಾಣ. ಕೊಂಕಣ ರೈಲ್ವೆಯ ಪ್ರಧಾನ ಕಚೇರಿ ಬೇಲಾಪುರದಲ್ಲೇ ಇದೆ, ಮಾಮನ ಅಡುಗೆಮನೆ ಕಿಟಕಿಯಿಂದ ಕೂಗಿದರೆ ಕೇಳಿಸೀತು. ಊರಿನ ಕಡೆ ಹೋಗುವ ಮತ್ಸ್ಯಗಂಧ ರೈಲು ಪನ್ವೇಲಿನಲ್ಲಿ ನಿಲ್ಲುತ್ತದೆ. ಬೇಲಾಪುರದಿಂದ ಲೋಕಲ್‌ನಲ್ಲಿ ಖಾರ್‌ಘರ್, ಮಾನಸರೋವರ, ಖಾಂದೇಶ್ವರ, ಆಮೇಲೆ ಪನ್ವೇಲ್, ಇಷ್ಟೇ. ಆದರೆ ಅಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಬೋಗಿ ಹುಡುಕಿ, ಮಾಮಿಯನ್ನು ಹತ್ತಿಸಿ, ಚೀಲಗಳನ್ನು ಎಣಿಸಿ ಹತ್ತಿಸುವುದು ಹೇಗೆ? ಹಾಗಾಗಿ ಮಾಮ ತದ್ವಿರುದ್ಧ ದಿಕ್ಕಿನ ಲೋಕಲ್ ಹಿಡಿದು, ಖಾಡಿ ದಾಟಿ, ತಿಲಕ್ ನಗರದಲ್ಲಿ ಇಳಿದು, ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಹೋಗಿ, ಗಾಡಿ ಹೊರಡುವ ಜಾಗದಲ್ಲೇ ಹತ್ತುತ್ತಾರೆ. ಮೂರರ ಮೇಲಿನ ಗಾಡಿಗೆ ಹನ್ನೆರಡಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಕೂರುತ್ತಾರೆ. ಆ ಗಾಡಿ ಠಾಣೆ ಸುತ್ತಿಕೊಂಡು ಪನ್ವೇಲಿಗೆ ಬಂದು, ಮನೆಯ ಹಿಂಬದಿಗೇ ನಿಂತ ಹಾಗೆ ನಿಲ್ಲುವಾಗ ಮಾಮಿ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಾರೆ: "ಇಲ್ಲೇ ಹತ್ತಬಹುದಿತ್ತು." ಮಾಮನದೂ ಒಂದೇ ಉತ್ತರ: "ಹತ್ತಬಹುದಿತ್ತು. ಹತ್ತಲಿಕ್ಕೆ ಆಗದೆಯೂ ಇರಬಹುದಿತ್ತು."

ಮನೆ ಪಕ್ಕದ ಮೆಟ್ರೋ ಕಂಡರೂ ಆಗುವುದಿಲ್ಲ. ಬೇಲಾಪುರದಿಂದ ಪೇಂಧರಿಗೆ 11 ಕಿಲೋಮೀಟರ್, 11 ನಿಲ್ದಾಣ. ದೊಡ್ಡವರು ಯಾರಾದರೂ ಬಂದು ಉದ್ಘಾಟಿಸುತ್ತಾರೆಂದು ಕಾದೂ ಕಾದೂ, ಕೊನೆಗೆ ಸಮಾರಂಭವಿಲ್ಲದೆಯೇ 2023ರ ನವೆಂಬರ್ 17ರಂದು ಶುರು ಮಾಡಿಬಿಟ್ಟರು. ಮಾಮನಿಗೆ ಇದೇ ಹಿಡಿಸಲಿಲ್ಲ. "ಟೇಪು ಕತ್ತರಿಸಿಲ್ಲ, ತೆಂಗಿನಕಾಯಿ ಒಡೆದದ್ದು ನಾನಂತೂ ನೋಡಿಲ್ಲ. ನಾಲ್ಕು ವರ್ಷ ಓಡಲಿ, ನೋಡುವ." ಎಸ್ಕಲೇಟರಿನ ಮಾತಂತೂ ಕೇಳಬೇಡಿ. ಸೀವುಡ್ಸ್ ಮಾಲಿನ ಎಸ್ಕಲೇಟರಿನ ಬುಡದಲ್ಲಿ ಬಲಗಾಲು ಎತ್ತಿ ಇಳಿಸಿ, ಎತ್ತಿ ಇಳಿಸಿ ನಿಂತವರ ಹಿಂದೆ ಸಾಲು ಬೆಳೆದು, ಒಬ್ಬಳು ಪುಟ್ಟ ಹುಡುಗಿ ಕೈಹಿಡಿದು "ಆಜೋಬಾ, ಚಲಾ" ಎಂದಳು. ಆಜೋಬಾ ಆ ಹುಡುಗಿಯ ಜೊತೆ ಮೇಲೆ ಹೋದರು. ಇಳಿಯಲು ಮಾತ್ರ ಮೆಟ್ಟಿಲು ಹುಡುಕಿಕೊಂಡು ಮಾಲಿನ ಗೋದಾಮು ಸೇರಿದರು.

2023ರಲ್ಲಿ ಎರಡು ಸಾವಿರದ ನೋಟು ಹಿಂದಕ್ಕೆ ಪಡೆದಾಗ ಮಾಮ ಮೊದಲ ವಾರದಲ್ಲೇ ಮನೆಯನ್ನೆಲ್ಲ ಜಾಲಾಡಿ ಬ್ಯಾಂಕಿಗೆ ಕಟ್ಟಿ ಬಂದಿದ್ದರು. ಬ್ಯಾಂಕಿನಲ್ಲಿ ಬದಲಿಸುವ ಗಡುವು ಅಕ್ಟೋಬರ್ 7ಕ್ಕೆ ಮುಗಿಯಿತು. ದೀಪಾವಳಿಗೆ ಕಪಾಟು ಒರೆಸುವಾಗ ಹಳೆಯ ಪಂಚಾಂಗದೊಳಗಿಂದ ಒಂದು ನೋಟು ನೆಲಕ್ಕೆ ಬಿತ್ತು. ಕಾಳಿಂಗಸರ್ಪ ಬಿದ್ದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಇದನ್ನು ಇಟ್ಟುಕೊಳ್ಳುವುದು ಅಪರಾಧವೇ? ಯಾರಾದರೂ ನೋಡಿದರೆ? ನೋಟು ಕಾನೂನುಬದ್ಧವಾಗಿಯೇ ಉಂಟು, ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಈಗಲೂ ತೆಗೆದುಕೊಳ್ಳುತ್ತಾರೆ, ಆ ಹತ್ತೊಂಬತ್ತರಲ್ಲಿ ಬೇಲಾಪುರವೂ ಒಂದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ದೇಶದ ಯಾವ್ಯಾವ ಮೂಲೆಯವರೋ ಇಂಥ ಕಚೇರಿ ಹುಡುಕಿಕೊಂಡು ಹೋಗುತ್ತಿದ್ದರೆ, ಮನೆಯಿಂದ ನಡೆದುಹೋಗುವ ದೂರದಲ್ಲಿದ್ದ ಇವರು ಹದಿನೈದು ದಿನ ನಿದ್ದೆಗೆಟ್ಟರು. ಕೊನೆಗೆ ಆಧಾರ್, ಪ್ಯಾನ್, ರೇಷನ್ ಕಾರ್ಡ್, ಕರೆಂಟ್ ಬಿಲ್ಲು, ಪಿಂಚಣಿ ಆದೇಶ, ಸಾಕ್ಷ್ಯಕ್ಕೆಂದು ಆ ಪಂಚಾಂಗವನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಕೆಲಸ ಸುಸೂತ್ರ ಮುಗಿಯಿತು. ಪಂಚಾಂಗ ಯಾರೂ ಕೇಳಲಿಲ್ಲವೆಂದು ಸ್ವಲ್ಪ ಬೇಸರವಾಯಿತಂತೆ.

ಫೋನಿನ ಭಯ ಮಾತ್ರ ನಗುವಂಥದಲ್ಲ. ಪೊಲೀಸ್ ವೇಷ ಹಾಕಿ ವಿಡಿಯೋ ಕಾಲಿನಲ್ಲಿ ಹೆದರಿಸಿ ಹಿರಿಯರ ಜೀವಮಾನದ ಉಳಿತಾಯ ಗುಡಿಸಿಕೊಂಡು ಹೋಗುವವರ ಸುದ್ದಿ ದಿನವೂ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ 'ಮನ್ ಕೀ ಬಾತ್'ನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಬೇಕಾಯಿತು. ಮಾಮ ಅಂದೇ ಸೈಬರ್ ಸಹಾಯವಾಣಿಯ 1930 ಸಂಖ್ಯೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ನಂಬರು ಸರಿ ಇದೆಯೇ ಎಂದು ನೋಡಲು ಅದಕ್ಕೊಂದು ಫೋನ್ ಕೂಡ ಮಾಡಿ, ದೂರು ಏನೆಂದು ಕೇಳಿದಾಗ "ಈಗ ಇಲ್ಲ, ಬೇಕಾದಾಗ ಮಾಡ್ತೇನೆ" ಎಂದು ಇಟ್ಟರು. ಅದಾದ ಕೆಲವು ದಿನಕ್ಕೆ ನಿಜವಾಗಿಯೂ ಒಂದು ಕರೆ ಬಂತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಏನೋ ಸಿಕ್ಕಿದೆ ಎಂದು ಗಡಸು ದನಿಯ ಹಿಂದಿ. ಮಾಮ ಫೋನ್ ಆಫ್ ಮಾಡಿದರು, ಸಿಮ್ ತೆಗೆದರು, ಸಿಮ್ಮನ್ನು ಅಕ್ಕಿ ಡಬ್ಬಿಯಲ್ಲಿ ಹೂತರು, ಮಾಮಿಯ ಫೋನಿಗೂ ಅದೇ ಗತಿ ಕಾಣಿಸಿದರು. ಎರಡು ದಿನ ಅಪ್ಪ ಅಮ್ಮ ಇಬ್ಬರೂ ಫೋನಿಗೆ ಸಿಗದೆ ಟೊರಾಂಟೋದ ಮಗ ನಡುರಾತ್ರಿ ನನಗೆ ಫೋನ್ ಮಾಡಿದ. ಅವನ ದನಿ ನಡುಗುತ್ತಿತ್ತು. ನಾನು ಹೋಗಿ ಬಾಗಿಲು ತಟ್ಟಿದರೆ ಒಳಗಿಂದ ಮಾಮ, "ಯಾವ ಪೊಲೀಸ್ ಠಾಣೆ?" ಎಂದರು.

ಇನ್ನು ನವೆಂಬರ್. ಪಿಂಚಣಿದಾರರು ಬದುಕಿದ್ದೇನೆಂದು ಸರ್ಕಾರಕ್ಕೆ ಒಪ್ಪಿಸುವ ತಿಂಗಳು. ಬ್ಯಾಂಕಿನ ಬೆರಳಚ್ಚು ಯಂತ್ರ ಇವರ ಹೆಬ್ಬೆರಳನ್ನು ಒಪ್ಪುವುದಿಲ್ಲ. ಹೋಟೆಲಿನ ಸೋಡಾಪುಡಿ ನೀರು, ಕಚೇರಿಯ ಲೆಡ್ಜರುಗಳು ಸೇರಿ ಬೆರಳಿನ ಗೆರೆಗಳನ್ನು ಎಂದೋ ತಿಂದುಹಾಕಿವೆ. ಇದನ್ನು ಡಿಜಿಟಲ್ ಆಗಿ ಒಪ್ಪಿಸುವ ಜೀವನ್ ಪ್ರಮಾಣ್ ಬಂದದ್ದು 2014ರಲ್ಲಿ, ಮುಖ ತೋರಿಸಿದರೂ ಸಾಕು ಎಂಬ ಸೌಕರ್ಯ ಬಂದದ್ದು 2021ರಲ್ಲಿ. ಅದನ್ನು ಮಾಡಿಕೊಡಲು ಹೋದವನು ನಾನು. ಮೊಬೈಲು ಕಣ್ಣು ಮಿಟುಕಿಸಿ ಎಂದಿತು. ಮಾಮ ಮಿಟುಕಿಸಲಿಲ್ಲ. ಮತ್ತೆ ಕೇಳಿತು. ಮಾಮ ಇನ್ನಷ್ಟು ಅರಳಿಸಿದರು. ತಪ್ಪು ಅವರದಲ್ಲ. ಜೀವನವಿಡೀ ಸ್ಟುಡಿಯೋದವರು ಕಣ್ಣು ಮುಚ್ಚಬೇಡಿ ಎಂದು ಗದರಿಸಿಯೇ ಫೋಟೊ ತೆಗೆದದ್ದು. ಕಡೆಗೆ ಮಾಮಿ ಹಿಂದಿನಿಂದ ಬಂದು ಕಿವಿಯ ಬಳಿ ಚಪ್ಪಾಳೆ ತಟ್ಟಿದರು. ಪ್ರಮಾಣಪತ್ರ ಬಂತು. ಮಾಮ ಮೂರು ಪ್ರತಿ ಮಾಡಿಸಿ, ಒಂದಕ್ಕೆ ಲ್ಯಾಮಿನೇಷನ್ ಹಾಕಿಸಿ, ಯಾವುದಕ್ಕೂ ಇರಲಿ ಎಂದು ಬ್ಯಾಂಕಿಗೂ ಹೋಗಿ ಮುಖ ತೋರಿಸಿ ಬಂದು ಕೇಳಿದರು: "ಇದು ಎಷ್ಟು ಸಮಯಕ್ಕೆ?" ಒಂದು ವರ್ಷಕ್ಕೆ ಎಂದೆ. "ಹಾಗಾದರೆ ಬರುವ ನವೆಂಬರ್ ತನಕ ತೊಂದರೆ ಇಲ್ಲ."

ಮಾಮಿಯ ವಿಶ್ಲೇಷಣೆ ಬೇರೆ. "ಮೂವತ್ತೆಂಟು ವರ್ಷ ಬೇರೆಯವರ ಲೆಕ್ಕ ತಾಳೆ ನೋಡಿದವರು. ರಿಟೈರ್ ಆದ ಮೇಲೆ ನೋಡಲಿಕ್ಕೆ ಲೆಕ್ಕವೇ ಇಲ್ಲ. ಏನಾದ್ರೂ ಬೇಕಲ್ಲ ಮಾರಾಯ್ರೇ." ನನಗೆ ಅನ್ನಿಸುವುದು ಇಷ್ಟು. ಮಳೆಗೆ, ಗಲಭೆಗೆ, ದೂರದ ಮಗನಿಗೆ, ಇಬ್ಬರಲ್ಲಿ ಒಬ್ಬರು ಮೊದಲು ಹೋದರೆ ಇನ್ನೊಬ್ಬರ ಗತಿಯೇನು ಎಂಬ ಯೋಚನೆಗೆ ನಾಬ್ ಇಲ್ಲ. ಗ್ಯಾಸಿಗೆ ಉಂಟು. ಎರಡು ಮಹಡಿ ಹತ್ತಿ ಹೋಗಿ ನೋಡಿ ಬಂದರೆ ಮುಗಿಯುತ್ತದೆ. ಹಾಗೆ ಮುಗಿಯುವ ಭಯಗಳನ್ನೇ ಮಾಮ ಆರಿಸಿ ಇಟ್ಟುಕೊಂಡಂತಿದೆ. ಇದನ್ನು ಅವರಿಗೆ ಹೇಳಿದ್ದರೆ "ಪಕ್ಕಾ?" ಎನ್ನುತ್ತಿದ್ದರು, ಆದ್ದರಿಂದ ಹೇಳಿಲ್ಲ.

ಮೇ ತಿಂಗಳಲ್ಲಿ ಕಟ್ಟಡ ಅರ್ಧ ಖಾಲಿಯಾಗುತ್ತದೆ. ಮದುವೆ, ಕೋಲ, ಜಾತ್ರೆ ಎಂದು ಎಲ್ಲರೂ ಊರಿಗೆ ಹೊರಟಾಗ ಬೀಗದ ಕೈಗಳೆಲ್ಲ ಬಂದು ಸೇರುವುದು ಪಕ್ಕಾ ಮಾಮನ ಮನೆಗೆ. ವರ್ಷವಿಡೀ ನಕ್ಕವರೇ ತಂದು ಕೊಡುತ್ತಾರೆ. ಮಾಮ ಪ್ರತಿ ಕೈಗೂ ಚೀಟಿ ಕಟ್ಟಿ, ಮೊಳೆಗೆ ನೇತುಹಾಕಿ, ಸಂಜೆ ಐದಕ್ಕೆ ಒಂದೊಂದೇ ಮನೆ ತಪಾಸಣೆಗೆ ಹೊರಡುತ್ತಾರೆ. ಆ ಒಂದು ತಿಂಗಳು ಅವರ ಬಿಪಿ ಸರಿಯಾಗಿರುತ್ತದೆ ಎಂದು ಮಾಮಿ ಹೇಳುತ್ತಾರೆ.

ಈ ಸಲ ಮೂರನೆಯ ಮಹಡಿಯ ಸಾಫ್ಟ್‌ವೇರ್ ಹುಡುಗನ ಸರದಿ. ಮಾಮನ ಬೀಗ ಜಗ್ಗುವಿಕೆಯನ್ನು ವಿಡಿಯೋ ಮಾಡಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದವನು ಇವನೇ. ಹೆಂಡತಿ ಮಗುವಿನೊಂದಿಗೆ ಮತ್ಸ್ಯಗಂಧದಲ್ಲಿ, ಹೌದು, ಪನ್ವೇಲಿನಲ್ಲೇ ಹತ್ತಿ ಹೊರಟ. ರಾತ್ರಿ ಊಟದ ಹೊತ್ತಿಗೆ ಮಾಮನಿಗೆ ಫೋನು: "ಮಾಮ, ಗೀಸರ್ ಆಫ್ ಮಾಡಿದ್ದು ನೆನಪಾಗ್ತಾ ಇಲ್ಲ. ಸ್ವಲ್ಪ ನೋಡ್ತೀರಾ?" ಮಾಮ ಕೈ ತೊಳೆದು, ಟಾರ್ಚು ಹಿಡಿದು, ಮೂರನೆಯ ಮಹಡಿಗೆ ಹೋಗಿ ನೋಡಿ ಬಂದು ಫೋನ್ ಮಾಡಿದರೆ ಹತ್ತುವುದಿಲ್ಲ. ಗಾಡಿ ರತ್ನಾಗಿರಿಗೆ ಮುಂಚಿನ ಕರ್ಬುಡೆ ಸುರಂಗ ಹೊಕ್ಕಿತ್ತು. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಆರೂವರೆ ಕಿಲೋಮೀಟರ್. ಒಳಗೆ ಸಿಗ್ನಲ್ ಇಲ್ಲದ ಫೋನನ್ನು ಕಿಟಕಿಗೆ ಹಿಡಿದು ಹುಡುಗ ಎಷ್ಟು ಬೆವರಿದನೋ, ಹೊರಬಂದ ಕೂಡಲೇ ಅವನೇ ಮಾಡಿದ.

"ಮಾಮ, ಗೀಸರ್?"

"ಗೀಸರ್ ಆಫ್ ಉಂಟು."

"ಅಬ್ಬ! ಪಕ್ಕಾ ಅಲ್ವಾ ಮಾಮ?"

"ಪಕ್ಕಾ. ನೀವು ಆರಾಮ ಹೋಗಿ ಬನ್ನಿ," ಎಂದರು ಮಾಮ. "ನೀವು ಕೊಟ್ಟ ಬೀಗದ ಕೈ ಮಾತ್ರ ಬೇಕಾಗಲಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ."